ಪುಟ್ಟ ಮರದ ಚೌಕಟ್ಟಿಗೆ ಕುಳಿ–ನಾಲಿಗೆ ಜೋಡಣೆ: ಗುರುತಿನಿಂದ ಕೀಲಿನವರೆಗೆ

ಬೆರಳು ದಪ್ಪದ ಕಂಬ, ತೊಲೆಗಳಿಂದ ಮನೆಯದೋ ಕಣಜದ್ದೋ ಪುಟ್ಟ ಚೌಕಟ್ಟು ಕಟ್ಟಲು ಕುಳಿತವರು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಸೋಲುತ್ತಾರೆ. ಬಿಡಿಬಿಡಿಯಾಗಿ ನೋಡಿದರೆ ಪ್ರತಿ ತುಂಡೂ ಸರಿಯಾಗಿಯೇ ಇರುತ್ತದೆ. ಕೂಡಿಸಿದಾಗ ಮಾತ್ರ ಒಂದು ಕಂಬ ವಾಲುತ್ತದೆ. ತೊಲೆಯ ಒಂದು ಬದಿ ಅಂಟಿ ಕೂತರೆ ಇನ್ನೊಂದು ಬದಿಯ ಸಂದಿಯಲ್ಲಿ ಬೆಳಕು ಕಾಣುತ್ತದೆ. ಗರಗಸ ಹಿಡಿದ ಕೈ ಪಳಗಿಲ್ಲ ಎಂದುಕೊಂಡು ಮತ್ತೆ ಮತ್ತೆ ಹೊಸ ತುಂಡು ಕೊಯ್ಯುತ್ತಾರೆ. ಕೈಯ ತಪ್ಪು ಅದರಲ್ಲಿ ಕಡಿಮೆ. ತಪ್ಪು ಹುಟ್ಟಿರುವುದು ಗುರುತು ಹಾಕುವಾಗ ಮತ್ತು ಕೆಲಸದ ಕ್ರಮದಲ್ಲಿ. ಅದಕ್ಕಾಗಿ ಈ ಮಾರ್ಗದರ್ಶಿಯಲ್ಲಿ ಕೊಯ್ಯುವುದಕ್ಕಿಂತ ಗೆರೆ ಎಳೆಯುವುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ಒಂದೇ ಒಂದು ಅಡ್ಡ ಚೌಕಟ್ಟನ್ನು ತೆಗೆದುಕೊಳ್ಳೋಣ: ಎರಡು ಕಂಬ, ನಡುವೆ ಒಂದು ತೊಲೆ, ಎರಡು ಮೂಲೆಗಳಲ್ಲಿ ಓರೆಪಟ್ಟಿ. ಕಂಬವೂ ತೊಲೆಯೂ 12 ಮಿ.ಮೀ. ಚೌಕದವು. 1:16 ಅಳತೆಯಲ್ಲಿ ಇದು ಸುಮಾರು 19 ಸೆಂ.ಮೀ. ದಪ್ಪದ ನಿಜವಾದ ಕಂಬಕ್ಕೆ ಸಮ. ಕಂಬದಲ್ಲಿ ಕೊರೆಯುವ ಮಾರ್ಟಿಸ್ ಅನ್ನು ಇಲ್ಲಿ ಕುಳಿ ಎಂದೂ, ಅದರೊಳಗೆ ಕೂರುವ ತೊಲೆಯ ಟೆನನ್ ಅನ್ನು ನಾಲಿಗೆ ಎಂದೂ ಕರೆಯುತ್ತೇನೆ. ನಾಲಿಗೆಯ ಬುಡದಲ್ಲಿ ಕಂಬಕ್ಕೆ ಒತ್ತಿ ನಿಲ್ಲುವ ಭಾಗ ಹೆಗಲು; ನಾಲಿಗೆಯ ಎರಡು ಅಗಲ ಬದಿಗಳು ಕೆನ್ನೆ; ಜೋಡಣೆ ಕಳಚದಂತೆ ಅಡ್ಡಲಾಗಿ ತೂತಿಗೆ ಹೊಡೆಯುವ ಕಡ್ಡಿ ಕೀಲು.

ಬೇಕಾದ ಸಾಮಾನು

ಹೆಚ್ಚು ಸಾಮಾನು ಬೇಡ. ಇರುವಷ್ಟು ಮಾತ್ರ ಹರಿತವಾಗಿರಬೇಕು.

- ತೆಳು ಅಲಗಿನ, ಸಣ್ಣ ಹಲ್ಲಿನ ಗರಗಸ. ಇಂಚಿಗೆ 40ರ ಆಸುಪಾಸಿನಲ್ಲಿ ಹಲ್ಲುಗಳಿರುವ ಮಾದರಿ ಕೆಲಸದ ಗರಗಸ ಒಳ್ಳೆಯದು.
- 4 ಮಿ.ಮೀ. ಉಳಿ ಒಂದು, 10 ಮಿ.ಮೀ. ಅಥವಾ ಅದಕ್ಕಿಂತ ಅಗಲದ ಉಳಿ ಇನ್ನೊಂದು.
- ತುದಿ ಚೂಪಾದ ಗುರುತಿನ ಚಾಕು.
- ಚಿಕ್ಕ ಮೂಲೆಮಟ್ಟ ಮತ್ತು ಅಂಚಿಗೆ ಸಮಾನಾಂತರವಾಗಿ ಗೆರೆ ಎಳೆಯುವ ಮಾರ್ಕಿಂಗ್ ಗೇಜ್.
- ಕೈಯಿಂದ ತಿರುಗಿಸುವ ಸಣ್ಣ ಬೈರಿಗೆ; 2 ಮತ್ತು 3 ಮಿ.ಮೀ. ಮೊನೆಗಳು.
- ಸಾಣೆಕಲ್ಲು, ಹಗುರವಾದ ಕೊಡತಿ, ತುಂಡನ್ನು ಹಿಡಿದಿಡಲು ಒಂದು ವೈಸ್ ಅಥವಾ ಕ್ಲಾಂಪ್.
- ತಡೆಹಲಗೆ: ಒಂದು ಹಲಗೆಯ ಮೇಲ್ಗಡೆ ಒಂದು ಅಂಚಿಗೂ ಕೆಳಗಡೆ ಎದುರಿನ ಅಂಚಿಗೂ ಪಟ್ಟಿ ಹೊಡೆದರೆ ಆಯಿತು. ಕೆಳಗಿನ ಪಟ್ಟಿ ಮೇಜಿಗೆ ಸಿಕ್ಕಿಕೊಳ್ಳುತ್ತದೆ, ಮೇಲಿನದಕ್ಕೆ ತುಂಡನ್ನು ಒತ್ತಿ ಕೊಯ್ಯುತ್ತೀರಿ.

ಉಳಿಯ ಹರಿತ ನೋಡಲು ಬೆರಳು ತಾಗಿಸಬೇಡಿ. ಮೆದು ಮರದ ತುಂಡೊಂದರ ಕೊಯ್ದ ತುದಿಯನ್ನು ಅಡ್ಡಲಾಗಿ ಸವರಿ. ತೆಳು ಸಿಪ್ಪೆ ಬಂದು ಕೆಳಗಿನ ಮೈ ಹೊಳೆದರೆ ಉಳಿ ಸಿದ್ಧವಾಗಿದೆ. ಪುಡಿ ಉದುರಿ ಮೈ ಬಿಳಿಚಿಕೊಂಡರೆ ಮತ್ತೆ ಮಸೆಯಿರಿ. ಸಣ್ಣ ಉಳಿಯನ್ನು ಯಂತ್ರದ ಸಾಣೆಗೆ ಹಿಡಿಯುವುದಾದರೆ ಆಗಾಗ ನೀರಿನಲ್ಲಿ ಅದ್ದುತ್ತಿರಿ. ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಆ ಭಾಗದ ಉಕ್ಕಿನ ಗಡಸು ಹೋಗಿದೆ. ಅಷ್ಟನ್ನು ತೇಯ್ದು ತೆಗೆಯದೆ ಹರಿತ ನಿಲ್ಲುವುದಿಲ್ಲ.

ಹಂತ 1: ಮರವನ್ನು ಆರಿಸಿ, ಹದಗೊಳಿಸಿ

ಎಳೆ ನೇರವಾಗಿರುವ, ಒತ್ತಾಗಿರುವ ಮರವೇ ಬೇಕು. ಚೆರ್ರಿ, ಪೇರ್ ಮರಗಳು ಈ ಗಾತ್ರದಲ್ಲಿ ಗೆರೆಯನ್ನೂ ಅಂಚನ್ನೂ ಚೆನ್ನಾಗಿ ಹಿಡಿಯುತ್ತವೆ. ಬಾಸ್‌ವುಡ್ ಮೆದುವಾದ್ದರಿಂದ ಕಲಿಯುವವರಿಗೆ ಸುಲಭ, ಆದರೆ ಅಂಚು ಬೇಗ ಜಜ್ಜಿಹೋಗುತ್ತದೆ. ತೇಗದಲ್ಲೂ ಮಾಡಬಹುದು; ಅದರಲ್ಲಿರುವ ಸಿಲಿಕಾ ಉಳಿಯನ್ನು ಬೇಗ ಮೊಂಡಾಗಿಸುತ್ತದೆ ಎಂಬುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಬಾಲ್ಸಾ ಮಾತ್ರ ಬೇಡವೇ ಬೇಡ. ಉಳಿ ಅದನ್ನು ಕತ್ತರಿಸುವ ಮೊದಲೇ ಅದು ಅಮುಕಿಕೊಳ್ಳುತ್ತದೆ. ನಾಲಿಗೆ ಬಿಗಿಯಾಗಿ ಕೂತಂತೆ ಕಂಡು ನಾಳೆಗೆ ಸಡಿಲವಾಗಿರುತ್ತದೆ.

ಪಟ್ಟಿಯ ಪಕ್ಕದಿಂದ ಎಳೆಯನ್ನು ನೋಡಿ. ತುದಿಯಿಂದ ತುದಿಗೆ ಓಡಬೇಕಾದ ಎಳೆ ನಡುವೆಯೇ ಅಂಚಿನಿಂದ ಹೊರಗೆ ಜಾರಿಹೋಗಿದ್ದರೆ ಆ ಪಟ್ಟಿಯನ್ನು ನಾಲಿಗೆ ಇರುವ ತುಂಡಿಗೆ ಬಳಸಬೇಡಿ. ನಾಲಿಗೆ ಆ ಓರೆಯ ಉದ್ದಕ್ಕೇ ಮುರಿಯುತ್ತದೆ. ಗಂಟು ಇರುವ ಭಾಗವನ್ನು ಜೋಡಣೆಯಿಂದ ದೂರವಿಡಿ.

ಕೆಲಸ ಮಾಡುವ ಕೋಣೆಯಲ್ಲೇ ಮರವನ್ನು ಕೆಲವು ದಿನ ಬಿಡಿ. ತೇವಕ್ಕೆ ಮರ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಹೊರಗಿನಿಂದ ತಂದ ತಕ್ಷಣ ಕೊಯ್ದ ನಾಲಿಗೆಯ ದಪ್ಪ ನಾಲ್ಕು ದಿನದಲ್ಲಿ ಬದಲಾಗಬಹುದು.

ಎಲ್ಲ ಪಟ್ಟಿಗಳನ್ನೂ ಒಂದೇ ಸಲಕ್ಕೆ ಕೀಸಿ 12 ಮಿ.ಮೀ.ಗೆ ತನ್ನಿ. ಉಪ್ಪುಕಾಗದದ ಕೆಲಸವನ್ನೂ, ಬೇಕಿದ್ದರೆ, ಈಗಲೇ ಮುಗಿಸಿ. ಮುಖಕ್ಕೆ ಧೂಳಿನ ಮಾಸ್ಕ್ ಇರಲಿ. ಗುರುತು ಹಾಕಿದ ಮೇಲೆ ಉಜ್ಜಿದರೆ ಮೂಲೆಗಳು ದುಂಡಾಗುತ್ತವೆ, ದುಂಡು ಮೂಲೆಗೆ ಮೂಲೆಮಟ್ಟ ಸುಳ್ಳು ಹೇಳುತ್ತದೆ.

ಹಂತ 2: ಆಧಾರ ಮುಖ ಗೊತ್ತುಮಾಡಿ

ಈ ಕೆಲಸದ ಜೀವ ಇರುವುದು ಇಲ್ಲಿ. ಪ್ರತಿ ತುಂಡಿನಲ್ಲೂ ಅತ್ಯಂತ ಸಮವಾದ ಒಂದು ಮುಖವನ್ನೂ, ಅದಕ್ಕೆ ಸರಿಯಾಗಿ 90 ಡಿಗ್ರಿಯಲ್ಲಿರುವ ಒಂದು ಪಕ್ಕದ ಮುಖವನ್ನೂ ಆರಿಸಿ ಪೆನ್ಸಿಲಿನಿಂದ ಗುರುತು ಮಾಡಿ. ಇನ್ನು ಮುಂದೆ ಮೂಲೆಮಟ್ಟದ ದಿಂಡು, ಗೇಜಿನ ದಿಂಡು ಎರಡೂ ಈ ಮುಖಗಳನ್ನು ಬಿಟ್ಟು ಬೇರೆಲ್ಲೂ ಒರಗಕೂಡದು.

ಕಾರಣ ಸರಳ. ನೀವು ಕೀಸಿದ ಪಟ್ಟಿ ಒಂದು ಕಡೆ 12 ಮಿ.ಮೀ., ಇನ್ನೊಂದು ಕಡೆ 12.2 ಇರುತ್ತದೆ. ಒಂದು ಗೆರೆಯನ್ನು ಮುಂದಿನಿಂದಲೂ ಇನ್ನೊಂದನ್ನು ಹಿಂದಿನಿಂದಲೂ ಎಳೆದರೆ ಆ 0.2 ಮಿ.ಮೀ. ಜೋಡಣೆಯೊಳಗೆ ಸೇರಿಕೊಳ್ಳುತ್ತದೆ. ನಿಜ ಗಾತ್ರದ ಕಂಬದಲ್ಲಿ ಅದು ಲೆಕ್ಕಕ್ಕಿಲ್ಲ, 4 ಮಿ.ಮೀ. ನಾಲಿಗೆಯಲ್ಲಿ ಅದು ಇಪ್ಪತ್ತನೆಯ ಒಂದು ಪಾಲು. ಎಲ್ಲವನ್ನೂ ಒಂದೇ ಮುಖದಿಂದ ಅಳೆದರೆ ಹೆಚ್ಚುಕಡಿಮೆಯೆಲ್ಲ ಹಿಂಬದಿಗೆ ಹೋಗಿ ಬೀಳುತ್ತದೆ, ಅಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ.

ಚೌಕಟ್ಟನ್ನು ಮಲಗಿಸಿದಾಗ ಎಲ್ಲ ಆಧಾರ ಮುಖಗಳೂ ಒಂದೇ ಕಡೆಗೆ, ಹೊರಗಿನಿಂದ ಕಾಣುವ ಕಡೆಗೆ ಇರಬೇಕು. ಕಂಬದ ಪಕ್ಕದ ಆಧಾರ ಮುಖ ತೊಲೆ ಬಂದು ಸೇರುವ ಕಡೆಗಿರಲಿ. ಹಾಗೆಯೇ ಪ್ರತಿ ಜೋಡಣೆಗೆ ಒಂದು ಸಂಖ್ಯೆ ಕೊಡಿ: ಕಂಬದ ಕುಳಿಯ ಬಳಿ 1, ಅದಕ್ಕೆ ಸೇರುವ ನಾಲಿಗೆಯ ಬಳಿಯೂ 1. ಪ್ರತಿ ನಾಲಿಗೆಯನ್ನೂ ಅದರದೇ ಕುಳಿಗೆ ಹೊಂದಿಸುವುದರಿಂದ 1ರ ನಾಲಿಗೆ 2ರ ಕುಳಿಗೆ ಕೂರದಿದ್ದರೆ ಆಶ್ಚರ್ಯಪಡಬೇಡಿ.

ಹಂತ 3: ಚಾಕುವಿನಿಂದ ಗೆರೆ

ಪೆನ್ಸಿಲ್ ಗೆರೆಗೆ ದಪ್ಪವಿದೆ. ಅದರ ಒಳ ಅಂಚಿಗೆ ಕೊಯ್ಯಬೇಕೋ ಹೊರ ಅಂಚಿಗೋ ಎಂಬ ಅನುಮಾನವೇ ಜೋಡಣೆಯನ್ನು ಕೆಡಿಸುತ್ತದೆ. ಚಾಕುವಿನ ಗೆರೆಗೆ ಅನುಮಾನವಿಲ್ಲ; ಅದು ಮೇಲ್ಮೈಯ ಎಳೆಯನ್ನು ಮೊದಲೇ ಕತ್ತರಿಸಿರುವುದರಿಂದ ಗರಗಸ ಬಂದಾಗ ಅಂಚು ಸಿಬಿರು ಏಳುವುದೂ ಇಲ್ಲ. ಮೊದಲ ಸಲ ಹಗುರವಾಗಿ, ಎರಡನೆಯ ಸಲ ಒತ್ತಿ ಎಳೆಯಿರಿ. ಮೊದಲೇ ಒತ್ತಿದರೆ ಚಾಕು ಎಳೆಯ ಹಿಂದೆ ಓಡುತ್ತದೆ.

ಕಂಬದ ಉದ್ದವನ್ನು ಬೇಕಾದ್ದಕ್ಕಿಂತ 15 ಮಿ.ಮೀ. ಹೆಚ್ಚಿಡಿ, ಮೇಲ್ತುದಿಯ ಕಡೆ. ಕುಳಿ ಕಂಬದ ತುದಿಗೆ ಹತ್ತಿರವಿದ್ದಾಗ ಉಳಿಯ ಏಟಿಗೆ ತುದಿ ಸೀಳುತ್ತದೆ. ಈ ಹೆಚ್ಚುವರಿ ತುಂಡು ಅದನ್ನು ತಡೆದು ನಿಲ್ಲುತ್ತದೆ, ಕೊನೆಯಲ್ಲಿ ಕೊಯ್ದು ಹಾಕಿದರಾಯಿತು. ಇದೊಂದು ಕಾರಣಕ್ಕೆ ಒಡೆದ ಕಂಬಗಳ ಸಂಖ್ಯೆ ಉಳಿದೆಲ್ಲ ಕಾರಣಗಳಿಗಿಂತ ಹೆಚ್ಚು ಎಂದೇ ನನಗೆ ಅನಿಸುತ್ತದೆ.

ನಮ್ಮ ಕುಳಿ 4 ಮಿ.ಮೀ. ಅಗಲ, 10 ಮಿ.ಮೀ. ಉದ್ದ, 8.5 ಮಿ.ಮೀ. ಆಳ. ಅಗಲವನ್ನು ನಿರ್ಧರಿಸುವುದು ಅಳತೆಪಟ್ಟಿಯಲ್ಲ, ನಿಮ್ಮ ಉಳಿ. ನಿಮ್ಮಲ್ಲಿರುವ ಉಳಿ 3.8 ಮಿ.ಮೀ. ಇದ್ದರೆ ಕುಳಿಯೂ 3.8 ಆಗಲಿ. ಗೇಜಿನಿಂದ ಆಧಾರ ಮುಖದಿಂದ 4 ಮಿ.ಮೀ.ಗೆ ಒಂದು, 8 ಮಿ.ಮೀ.ಗೆ ಒಂದು ಗೆರೆ ಎಳೆಯಿರಿ. ಅದೇ ಹೊಂದಿಕೆಯಲ್ಲಿ, ಗೇಜನ್ನು ಅಲ್ಲಾಡಿಸದೆ, ಎಲ್ಲ ಕಂಬಗಳಿಗೂ ಎಲ್ಲ ತೊಲೆಗಳ ತುದಿಗಳಿಗೂ ಎಳೆದು ಮುಗಿಸಿ. ಎರಡು ಕಂಬಗಳ ಕುಳಿಯ ಎತ್ತರವನ್ನು ಬೇರೆ ಬೇರೆಯಾಗಿ ಅಳೆಯಬೇಡಿ. ಎರಡನ್ನೂ ಪಕ್ಕಪಕ್ಕ ಕಟ್ಟಿ ಒಂದೇ ಗೆರೆಯನ್ನು ಎರಡರ ಮೇಲೂ ಹಾಯಿಸಿ.

ತೊಲೆ 12 ಮಿ.ಮೀ. ಇದ್ದರೂ ಕುಳಿ 10 ಮಿ.ಮೀ. ಇರುವುದಕ್ಕೆ ಕಾರಣವಿದೆ. ನಾಲಿಗೆಯ ಮೇಲೂ ಕೆಳಗೂ ತಲಾ 1 ಮಿ.ಮೀ. ಹೆಗಲು ಉಳಿಯುತ್ತದೆ, ಕುಳಿಯ ಎರಡು ತುದಿಗಳಲ್ಲಿ ಉಳಿ ಮಾಡಿದ ಸಣ್ಣಪುಟ್ಟ ಗಾಯ ಅದರಡಿ ಮುಚ್ಚಿಹೋಗುತ್ತದೆ.

ತೆಗೆದುಹಾಕಬೇಕಾದ ಭಾಗದ ಮೇಲೆಲ್ಲ ಪೆನ್ಸಿಲಿನಿಂದ ಗೀಟು ಹೊಡೆಯಿರಿ. ಗೆರೆಯ ತಪ್ಪು ಬದಿಯಲ್ಲಿ ಕೊಯ್ಯುವುದು ಅನುಭವಿಗಳಿಂದಲೂ ಆಗುವ ತಪ್ಪು.

ಹಂತ 4: ಮೊದಲು ಕುಳಿ

ನಾಲಿಗೆಗಿಂತ ಮೊದಲು ಕುಳಿ ಏಕೆಂದರೆ, ಕುಳಿಯ ಅಗಲ ಉಳಿಗೆ ಕಟ್ಟುಬಿದ್ದದ್ದು, ಮತ್ತೆ ತಿದ್ದುವುದು ಕಷ್ಟ. ನಾಲಿಗೆಯನ್ನಾದರೆ ಹೊರಗಿನಿಂದ ಕೂದಲೆಳೆಯಷ್ಟು ಸವರಿ ಸರಿಮಾಡಬಹುದು.

ಕಂಬವನ್ನು ವೈಸ್‌ನಲ್ಲಿ ಎರಡು ಪಕ್ಕಗಳಿಂದ ಒತ್ತಿ ಹಿಡಿಸಿ. ಈ ಒತ್ತು ಕುಳಿಯ ಗೋಡೆ ಹೊರಕ್ಕೆ ಉಬ್ಬದಂತೆ ಕಾಯುತ್ತದೆ. ಬೈರಿಗೆಯ 3 ಮಿ.ಮೀ. ಮೊನೆಗೆ 8.5 ಮಿ.ಮೀ. ಎತ್ತರದಲ್ಲಿ ಟೇಪು ಸುತ್ತಿ. ಕುಳಿಯ ಒಂದು ತುದಿಯ ಗೆರೆಯಿಂದ 2, 5, 8 ಮಿ.ಮೀ. ದೂರದಲ್ಲಿ ಚಾಕುವಿನ ಮೊನೆಯಿಂದ ಚುಕ್ಕೆ ಒತ್ತಿ. ಮೊದಲು ಎರಡು ತುದಿಯ ತೂತು, ಕೊನೆಗೆ ನಡುವಿನದು. ಒಂದರ ಪಕ್ಕ ಒಂದರಂತೆ ಸಾಲಾಗಿ ಕೊರೆದರೆ ಮೊನೆ ಹಿಂದಿನ ತೂತಿಗೆ ಜಾರುತ್ತದೆ.

ಇನ್ನು ಉಳಿಯ ಕೆಲಸ. ನಡುವೆ ಉಳಿದ ಮರವನ್ನು ಮೊದಲು ಬಿಡಿಸಿ. ತುದಿಯ ಗೆರೆಗೆ ನೇರವಾಗಿ ಬರಬೇಡಿ, ಅರ್ಧ ಮಿ.ಮೀ. ಒಳಗೆ ನಿಂತು ಕಡಿದು, ಕೊನೆಯ ಒಂದು ಕಡಿತಕ್ಕೆ ಮಾತ್ರ ಉಳಿಯನ್ನು ಚಾಕುಗೆರೆಯಲ್ಲಿ ಕೂರಿಸಿ. ಉಳಿಯ ಚಪ್ಪಟೆ ಬೆನ್ನು ಗೋಡೆಯ ಕಡೆಗೆ, ಇಳಿಜಾರು ಕುಳಿಯ ಒಳಗಡೆಗೆ. ಗೆರೆಯ ಮೇಲೇ ಮೊದಲ ಏಟು ಹಾಕಿದರೆ ಇಳಿಜಾರು ಬೆಣೆಯಂತೆ ಕೆಲಸ ಮಾಡಿ ಉಳಿಯನ್ನು ಹಿಂದಕ್ಕೆ ದೂಡುತ್ತದೆ, ಕುಳಿ ಗೆರೆ ದಾಟಿ ಉದ್ದವಾಗುತ್ತದೆ.

ಉದ್ದ ಗೋಡೆಗಳಿಗೆ ಕೊಡತಿ ಮುಟ್ಟಬೇಡಿ. ಅಗಲ ಉಳಿಯನ್ನು ಎಳೆಯ ಉದ್ದಕ್ಕೆ ಇಟ್ಟು ಹೊಡೆದರೆ ಕಂಬ ಸೌದೆಯಂತೆ ಎರಡಾಗುತ್ತದೆ. ಅಲ್ಲಿ ಕೈಯ ಒತ್ತು ಸಾಕು, ತೆಳುತೆಳುವಾಗಿ ಸವರಿ. ಉಳಿಯ ಮುಂದೆ ಇನ್ನೊಂದು ಕೈಯ ಬೆರಳು ಎಂದೂ ಇರಬಾರದು. ಸಣ್ಣ ಉಳಿ ಸಣ್ಣ ಗಾಯ ಮಾಡುತ್ತದೆ ಎಂಬ ಭರವಸೆ ಬೇಡ.

ಕುಳಿ ಸರಿಯಾಗಿದೆಯೇ ಎಂದು ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ಚೂರು ಮರವೊಂದನ್ನು ಕುಳಿಯ ಅಗಲಕ್ಕೆ ಸರಿಯಾಗಿ ಕೀಸಿ ಒಂದು ಅಳತೆಕಡ್ಡಿ ಮಾಡಿಕೊಳ್ಳಿ. ಅದು ತಳದವರೆಗೆ ಒಂದೇ ಹದದಲ್ಲಿ ಇಳಿಯಬೇಕು. ಬಾಯಲ್ಲಿ ಸಡಿಲವಾಗಿ ಆಳದಲ್ಲಿ ಸಿಕ್ಕಿಕೊಂಡರೆ ಗೋಡೆ ಒಳಕ್ಕೆ ವಾಲಿದೆ. ಕಡ್ಡಿ ಒಂದು ಬದಿಗೆ ಓರೆಯಾಗಿ ನಿಂತರೆ ಉಳಿ ಓರೆಯಾಗಿ ಇಳಿದಿದೆ. ಕಡ್ಡಿಗೆ ಮೂಲೆಮಟ್ಟ ಹಿಡಿದರೆ ಯಾವ ಕಡೆ ಸವರಬೇಕು ಎಂಬುದು ಕಾಣುತ್ತದೆ. ತೊಲೆ ಆಮೇಲೆ ಯಾವ ದಿಕ್ಕಿಗೆ ನಿಲ್ಲುತ್ತದೆ ಎಂಬುದನ್ನು ಈ ಕಡ್ಡಿ ಈಗಲೇ ಹೇಳುತ್ತದೆ.

ಹಂತ 5: ಆಮೇಲೆ ನಾಲಿಗೆ

ತೊಲೆಯಲ್ಲಿ ಮುಖ್ಯ ಅಳತೆ ಒಂದೇ: ಈ ಹೆಗಲಿನಿಂದ ಆ ಹೆಗಲಿಗೆ ಇರುವ ದೂರ. ತೊಲೆಯ ಒಟ್ಟು ಉದ್ದ ಮುಖ್ಯವಲ್ಲ. ಕಂಬಗಳ ನಡುವೆ 140 ಮಿ.ಮೀ. ಬೇಕಿದ್ದರೆ ಹೆಗಲಿನ ಗೆರೆಗಳು 140ಕ್ಕೆ, ಎರಡೂ ತುದಿಗೆ 8 ಮಿ.ಮೀ. ನಾಲಿಗೆ ಸೇರಿ ತೊಲೆ 156. ಕುಳಿ 8.5 ಆಳ, ನಾಲಿಗೆ 8 ಉದ್ದ. ಈ ಅರ್ಧ ಮಿ.ಮೀ. ಖಾಲಿ ಇರಲೇಬೇಕು. ನಾಲಿಗೆಯ ತುದಿ ಮೊದಲು ತಳಕ್ಕೆ ತಾಗಿದರೆ ಎಷ್ಟು ಒತ್ತಿದರೂ ಹೆಗಲು ಕಂಬಕ್ಕೆ ಮುಟ್ಟುವುದಿಲ್ಲ.

ಹೆಗಲಿನ ಗೆರೆಯನ್ನು ನಾಲ್ಕೂ ಮುಖಗಳ ಸುತ್ತ ಚಾಕುವಿನಿಂದ ಎಳೆಯಿರಿ. ಹೊರಟ ಜಾಗಕ್ಕೇ ಗೆರೆ ಬಂದು ಸೇರಬೇಕು. ಸೇರದಿದ್ದರೆ ಪಟ್ಟಿ ಚೌಕವಾಗಿಲ್ಲ ಅಥವಾ ಮೂಲೆಮಟ್ಟ ಆಧಾರ ಮುಖ ಬಿಟ್ಟಿದೆ. ಹಾಗೇ ಮುಂದುವರಿಯಬೇಡಿ. ಗೆರೆಯ ತೆಗೆದುಹಾಕುವ ಬದಿಯಿಂದ ಉಳಿಯಲ್ಲಿ ಒಂದು ತೆಳು ಚಕ್ಕೆ ಎಬ್ಬಿಸಿದರೆ ಗೆರೆಯೇ ಒಂದು ಪುಟ್ಟ ಮೆಟ್ಟಿಲಾಗುತ್ತದೆ, ಗರಗಸ ಅದಕ್ಕೆ ಒರಗಿ ನೇರವಾಗಿ ಇಳಿಯುತ್ತದೆ.

ತುಂಡನ್ನು ತಡೆಹಲಗೆಗೆ ಒತ್ತಿ ಹೆಗಲನ್ನು ಕೊಯ್ಯಿರಿ. ಕೆನ್ನೆಯ ಗೆರೆ 4 ಮಿ.ಮೀ. ಆಳದಲ್ಲಿದೆ; ಗರಗಸ ಅದಕ್ಕಿಂತ ಕೂದಲೆಳೆಯಷ್ಟು ಮೇಲೆಯೇ ನಿಲ್ಲಲಿ. ಅಲ್ಲಿ ಆಳವಾಗಿ ಕೊಯ್ದರೆ ನಾಲಿಗೆಯ ಬುಡದಲ್ಲೇ ಗಾಯವಾಗುತ್ತದೆ, ಮುರಿಯುವುದೂ ಅಲ್ಲೇ.

ಕೆನ್ನೆಯ ಮರವನ್ನು ತೆಗೆಯಲು ನಾನು ಗರಗಸಕ್ಕಿಂತ ಉಳಿಯನ್ನು ನಂಬುತ್ತೇನೆ. ಆದರೆ ಗೆರೆಯ ಮೇಲೆ ಉಳಿ ಇಟ್ಟು ಒಂದೇ ಏಟಿಗೆ ಸೀಳಬೇಡಿ. ಮೊದಲು ತೆಗೆಯಬೇಕಾದ ದಪ್ಪದ ಅರ್ಧದಲ್ಲಿ, ಅಂದರೆ ಹೊರಗಿನಿಂದ 2 ಮಿ.ಮೀ. ಒಳಗೆ, ತುದಿಯಿಂದ ಉಳಿ ಇಟ್ಟು ಮೆಲ್ಲಗೆ ತಟ್ಟಿ. ಹಾರಿದ ಚಕ್ಕೆಯನ್ನು ನೋಡಿ. ಅದು ಎರಡೂ ಕಡೆ ಒಂದೇ ದಪ್ಪವಿದ್ದರೆ ಎಳೆ ನೇರವಾಗಿದೆ, ಉಳಿದದ್ದನ್ನೂ ಹೀಗೆಯೇ ಹಂತಹಂತವಾಗಿ ಸೀಳಬಹುದು. ಹೆಗಲಿನ ಕಡೆ ಚಕ್ಕೆ ದಪ್ಪವಾಗಿದ್ದರೆ ಎಳೆ ನಾಲಿಗೆಯ ಒಳಕ್ಕೆ ಇಳಿಯುತ್ತಿದೆ. ಆಗ ಸೀಳುವುದನ್ನು ಅಲ್ಲಿಗೇ ಬಿಟ್ಟು ಅಡ್ಡಲಾಗಿ, ಎಳೆಗೆ ಎದುರಾಗಿ ಸವರುತ್ತಾ ಹೋಗಿ.

ಕೆನ್ನೆಗೆ ಉಪ್ಪುಕಾಗದ ತಾಗಿಸಬೇಡಿ. ಕಾಗದ ನಡುವಿಗಿಂತ ಅಂಚನ್ನು ಹೆಚ್ಚು ತಿನ್ನುತ್ತದೆ. ಉಬ್ಬಿದ ನಾಲಿಗೆ ಕುಳಿಯೊಳಗೆ ತೊಟ್ಟಿಲಿನಂತೆ ಆಡುತ್ತದೆ.

ಹಂತ 6: ಹೊಂದಿಸುವುದು

ನಾಲಿಗೆಯ ತುದಿಯ ಅಂಚುಗಳನ್ನು ಸ್ವಲ್ಪ ಸವರಿ ಕುಳಿಗೆ ಇಟ್ಟು ಕೈಯಿಂದ ಒತ್ತಿ. ಮೂರನೆಯ ಒಂದು ಭಾಗ ಒಳಹೋಗಿ ನಿಂತರೆ ಹದ ಸರಿಯಿದೆ. ಇನ್ನೂ ಒತ್ತದೆ ಹೊರತೆಗೆದು ನೋಡಿ: ಎಲ್ಲಿ ಉಜ್ಜಿದೆಯೋ ಅಲ್ಲಿ ಮರ ಹೊಳೆಯುತ್ತದೆ. ಕಾಣದಿದ್ದರೆ ಕುಳಿಯ ಬಾಯಿಗೆ ಮೆದು ಪೆನ್ಸಿಲ್ ಉಜ್ಜಿ ಮತ್ತೆ ತೂರಿಸಿ, ಕಪ್ಪು ಹತ್ತಿದ ಜಾಗವನ್ನು ಮಾತ್ರ ಸವರಿ.

ಕಿರ್ರ್ ಎಂಬ ಸದ್ದು ಕೇಳಿದರೆ ಆ ಕ್ಷಣವೇ ನಿಲ್ಲಿಸಿ. ಅದು ಕುಳಿಯ ಗೋಡೆ ಸೀಳುವ ಮೊದಲಿನ ಎಚ್ಚರಿಕೆ. ಕುಳಿಯ ತುದಿಯಿಂದ ಕಂಬದ ಉದ್ದಕ್ಕೆ ಕೂದಲಿನಂಥ ಗೆರೆ ಕಂಡರೂ ಅದೇ ಅರ್ಥ.

ಸರಿಯಾಗಿ ಹೊಂದಿದ ಜೋಡಣೆ ಅಂಗೈಯ ಒತ್ತಿಗೆ ಪೂರ್ತಿ ಕೂರುತ್ತದೆ, ತೊಲೆಯನ್ನು ಹಿಡಿದು ಎತ್ತಿದರೆ ಕಂಬ ಕಳಚಿ ಬೀಳುವುದಿಲ್ಲ. ಸುತ್ತಿಗೆ ಬೇಕಾದರೆ ಬಿಗಿ ಹೆಚ್ಚು. ತಾನಾಗಿ ಜಾರಿದರೆ ಕಡಿಮೆ. ಸಡಿಲವಾದ ನಾಲಿಗೆಗೆ ಅದೇ ಮರದ ತೆಳು ಸಿಪ್ಪೆಯನ್ನು ಕೆನ್ನೆಗೆ ಅಂಟಿಸಿ, ಒಣಗಿದ ಮೇಲೆ ಮತ್ತೆ ಸವರಬಹುದು. ಸಂದಿಗೆ ಅಂಟು ತುಂಬುವುದು ಪರಿಹಾರವಲ್ಲ.

ಹೆಗಲು ಒಂದು ಬದಿಯಲ್ಲಿ ಮುಟ್ಟಿ ಇನ್ನೊಂದರಲ್ಲಿ ಬಿಟ್ಟರೆ ಮುಟ್ಟುವ ಬದಿಯನ್ನು ತಕ್ಷಣ ಸವರಬೇಡಿ. ಮೊದಲು ತೊಲೆ ಕಂಬಕ್ಕೆ 90 ಡಿಗ್ರಿಯಲ್ಲಿದೆಯೇ ನೋಡಿ. ಇಲ್ಲವಾದರೆ ದೋಷ ಕುಳಿಯ ಗೋಡೆಯದು, ಹೆಗಲಿನದಲ್ಲ. 90 ಇದ್ದೂ ಸಂದಿ ಉಳಿದರೆ ಮಾತ್ರ ಹೆಗಲಿಗೆ ಉಳಿ ಹಾಕಿ. ಹೊರ ಅಂಚಿನ 1 ಮಿ.ಮೀ. ಬಿಟ್ಟು ಒಳಭಾಗವನ್ನು ಒಂದಿಷ್ಟೇ ತಗ್ಗಿಸಿದರೆ ಕಾಣುವ ಅಂಚು ಚೆನ್ನಾಗಿ ಮುಚ್ಚಿಕೊಳ್ಳುತ್ತದೆ.

ಹಂತ 7: ತಳಪಟ್ಟಿಯ ಅರ್ಧಕಚ್ಚು

ಚೌಕಟ್ಟುಗಳು ನಿಲ್ಲುವ ತಳಪಟ್ಟಿಗಳು ಮೂಲೆಯಲ್ಲಿ ಒಂದರ ಮೇಲೊಂದು ಕಚ್ಚಿಕೊಳ್ಳುತ್ತವೆ. ಇಲ್ಲಿ ಎರಡೂ ತುಂಡುಗಳ ದಪ್ಪದ ಅರ್ಧವನ್ನು ಲೆಕ್ಕಹಾಕಿ ಕೊಯ್ಯುವವರ ಮೂಲೆ ಯಾವಾಗಲೂ ಏರುತಗ್ಗು. ಗೇಜನ್ನು ಸುಮಾರು ಅರ್ಧಕ್ಕೆ ಇಟ್ಟು, ಎರಡೂ ತುಂಡುಗಳಿಗೆ ಮೇಲಿನ ಆಧಾರ ಮುಖದಿಂದಲೇ ಗೆರೆ ಎಳೆಯಿರಿ. ಒಂದರಲ್ಲಿ ಗೆರೆಯ ಮೇಲಿನ ಭಾಗ ತೆಗೆಯಿರಿ, ಇನ್ನೊಂದರಲ್ಲಿ ಕೆಳಗಿನ ಭಾಗ. ಗೇಜ್ 5.8ರಲ್ಲಿದ್ದರೂ 6.1ರಲ್ಲಿದ್ದರೂ ಮೇಲ್ಮುಖ ಸಮವಾಗಿಯೇ ಬರುತ್ತದೆ.

ಹಂತ 8: ಓರೆಪಟ್ಟಿ

ಮೂಲೆಯಿಂದ ಎರಡೂ ಕಡೆ 40 ಮಿ.ಮೀ. ದೂರಕ್ಕೆ ಓರೆಪಟ್ಟಿ ಬರುವುದಾದರೆ ಅದರ ಹೊರ ಅಂಚು 40ರ 1.414 ಪಟ್ಟು, ಅಂದರೆ ಸುಮಾರು 56.6 ಮಿ.ಮೀ. ಈ ಲೆಕ್ಕ ಒಂದು ಆರಂಭ ಮಾತ್ರ. ಕಂಬ–ತೊಲೆ ಕೂಡಿಸಿ, ದಪ್ಪ ಕಾಗದದ ಮೇಲೆ ನಿಜವಾದ ಮೂಲೆಯನ್ನು ಬರೆದು, ಅದರಿಂದ ಹೆಗಲಿನ ಗೆರೆಗಳನ್ನು ಪಟ್ಟಿಗೆ ದಾಟಿಸಿ. ಓರೆಪಟ್ಟಿ ಕೂದಲೆಳೆ ಉದ್ದವಾದರೂ ಬಿಗಿಯಾಗಿದ್ದ ಮುಖ್ಯ ಜೋಡಣೆಯನ್ನು ತೆರೆಸಿಬಿಡುತ್ತದೆ.

ಕಂಬ, ತೊಲೆ ಸೇರಿದ ಮೇಲೆ ಓರೆಪಟ್ಟಿಯನ್ನು ತೂರಿಸಲು ದಾರಿಯೇ ಇರುವುದಿಲ್ಲ. ಮೊದಲು ಅದನ್ನು ತೊಲೆಯ ಕುಳಿಯಲ್ಲಿ ಕೂರಿಸಿ, ತೊಲೆ ಮತ್ತು ಓರೆಪಟ್ಟಿಯ ಎರಡೂ ನಾಲಿಗೆಗಳು ಒಟ್ಟಿಗೆ ಹೋಗುವಂತೆ ಕಂಬವನ್ನು ಪಕ್ಕದಿಂದ ತಳ್ಳಬೇಕು. ಹಾಗಾಗಿ ಓರೆಪಟ್ಟಿಯ ಕೆಳತುದಿಯ ನಾಲಿಗೆ ತೊಲೆಗೆ ಸಮಾನಾಂತರವಾಗಿ ಒಳಸರಿಯುವಂತೆ ಅದರ ಅಂಚುಗಳನ್ನು ಕೊಯ್ದಿರಬೇಕು. ಕೀಲು ಹೊಡೆಯುವ ಮೊದಲು ಒಮ್ಮೆ ಪೂರ್ತಿ ಒಣಜೋಡಣೆ ಮಾಡಿ ನೋಡುವುದು ಇದಕ್ಕಾಗಿಯೇ.

ಹಂತ 9: ಜೋಡಣೆಯನ್ನು ಎಳೆಯುವ ಕೀಲು

ಕಂಬದ ತೂತು ಮತ್ತು ನಾಲಿಗೆಯ ತೂತು ಸ್ವಲ್ಪ ತಪ್ಪಿಸಿಕೊಂಡಿದ್ದರೆ, ನಡುವೆ ಹೋಗುವ ಕೀಲು ನಾಲಿಗೆಯನ್ನು ಒಳಕ್ಕೆ ಎಳೆದು ಹೆಗಲನ್ನು ಕಂಬಕ್ಕೆ ಒತ್ತಿಹಿಡಿಯುತ್ತದೆ. ಅಂಟು ಬೇಕಾಗುವುದಿಲ್ಲ.

ಮೊದಲು ಕುಳಿಯೊಳಗೆ ಚೂರು ಮರ ತೂರಿಸಿ; ಇಲ್ಲದಿದ್ದರೆ ಮೊನೆ ಒಳಗೋಡೆಯನ್ನು ಕಿತ್ತುಕೊಂಡು ಬರುತ್ತದೆ. ಹೆಗಲು ಮುಟ್ಟುವ ಮುಖದಿಂದ 3.5 ಮಿ.ಮೀ. ದೂರದಲ್ಲಿ ಕಂಬಕ್ಕೆ ಆರಪಾರ 2 ಮಿ.ಮೀ. ತೂತು ಕೊರೆಯಿರಿ. ಚೂರನ್ನು ತೆಗೆದು ನಾಲಿಗೆಯನ್ನು ಪೂರ್ತಿ ಕೂರಿಸಿ, ಅದೇ ತೂತಿನಿಂದ ಮೊನೆಯನ್ನು ಬೆರಳಿನಲ್ಲಿ ತಿರುಗಿಸಿ ನಾಲಿಗೆಯ ಮೇಲೆ ಚುಕ್ಕೆ ಮೂಡಿಸಿ. ನಾಲಿಗೆಯನ್ನು ಹೊರತೆಗೆದು, ಚುಕ್ಕೆಯಿಂದ 0.25 ಮಿ.ಮೀ. ಹೆಗಲಿನ ಕಡೆಗೆ ಸರಿದು ಹೊಸ ಚುಕ್ಕೆ ಒತ್ತಿ, ಅಲ್ಲಿ ಕೊರೆಯಿರಿ. ತುದಿಯ ಕಡೆಗೆ ಸರಿದರೆ ಕೀಲು ಜೋಡಣೆಯನ್ನು ಹೊರಕ್ಕೆ ದೂಡುತ್ತದೆ. ಹೆಚ್ಚು ಸರಿದರೆ ಕೀಲು ಮುರಿಯುತ್ತದೆ ಅಥವಾ ನಾಲಿಗೆಯ ತುದಿ ಸೀಳಿ ಹೊರಬರುತ್ತದೆ.

ಕೀಲಿಗೆ ಬಿದಿರು ಉತ್ತಮ. ಅದನ್ನು ಕೊಯ್ಯದೆ ಸೀಳಿಯೇ ಕಡ್ಡಿ ಮಾಡಿ, ಎಳೆ ತುದಿಯಿಂದ ತುದಿಗೆ ಮುರಿಯದೆ ಇರುತ್ತದೆ. ಉಕ್ಕಿನ ತಗಡಿನಲ್ಲಿ 2.5, 2.2, 2 ಮಿ.ಮೀ. ತೂತು ಕೊರೆದು ಕಡ್ಡಿಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಎಳೆಯುತ್ತಾ ಬಂದರೆ ದುಂಡಾಗುತ್ತದೆ. ಒಂದು ತುದಿಯನ್ನು 6 ಮಿ.ಮೀ. ಉದ್ದಕ್ಕೆ ಚೂಪು ಮಾಡಿ. ಕಡ್ಡಿ ಕಂಬದ ದಪ್ಪಕ್ಕಿಂತ 10 ಮಿ.ಮೀ. ಉದ್ದವಿರಲಿ, ಚೂಪು ಭಾಗ ಪೂರ್ತಿ ಆಚೆ ದಾಟಬೇಕು.

ಹಂತ 10: ಎಬ್ಬಿಸುವ ಕ್ರಮ

ಚೌಕಟ್ಟನ್ನು ನಿಜ ಅಳತೆಯ ಚಿತ್ರದ ಮೇಲೆ ಮಲಗಿಸಿ ಕೂಡಿಸಿ. ಎರಡು ಕರ್ಣಗಳನ್ನೂ ಅಳೆಯಿರಿ. ಸಮವಾಗಿದ್ದರೆ ಮಾತ್ರ ಕೀಲು. ಎಲ್ಲ ಕೀಲುಗಳನ್ನೂ ಮೊದಲು ಅರ್ಧ ತಟ್ಟಿ, ಮತ್ತೊಮ್ಮೆ ಕರ್ಣ ನೋಡಿ, ಆಮೇಲೆ ಒಂದೊಂದಾಗಿ ಪೂರ್ತಿ ಇಳಿಸಿ. ಒಂದನ್ನೇ ಮೊದಲು ಪೂರ್ತಿ ಹೊಡೆದರೆ ಚೌಕಟ್ಟು ಆ ಕಡೆಗೆ ಎಳೆದುಕೊಳ್ಳುತ್ತದೆ.

ಎಲ್ಲ ಅಡ್ಡ ಚೌಕಟ್ಟುಗಳೂ ಸಿದ್ಧವಾದ ಮೇಲೆ ತಳಪಟ್ಟಿಯ ಮೇಲೆ ನಿಲ್ಲಿಸಿ, ಅವುಗಳನ್ನು ಜೋಡಿಸುವ ಉದ್ದತೊಲೆಗಳನ್ನು ಎರಡು ಚೌಕಟ್ಟುಗಳ ನಡುವೆ ಇಟ್ಟು ಒಟ್ಟಿಗೆ ಒತ್ತಿ. ಈ ತೊಲೆಗಳ ಕೀಲು ಕೊನೆಗೆ.

ಕೀಲುಗಳ ಹೊರಚಾಚಿದ ತುದಿಯನ್ನು ಕೊಯ್ಯುವ ಮೊದಲು ಎರಡು ಮೂರು ದಿನ ಬಿಡಿ. ಯಾವುದಾದರೂ ಹೆಗಲು ಸಡಿಲಿಸಿದ್ದರೆ ಕೀಲನ್ನು ಇನ್ನೊಂದಿಷ್ಟು ತಟ್ಟಲು ಆಗ ಅವಕಾಶವಿರುತ್ತದೆ. ಆಮೇಲೆ ಗರಗಸದ ಕೆಳಗೆ ಒಂದು ರಟ್ಟಿನ ತುಂಡು ಇಟ್ಟು ಕೀಲಿನ ತುದಿಗಳನ್ನು ಕೊಯ್ದು, ಉಳಿದಷ್ಟನ್ನು ಉಳಿಯಿಂದ ಸವರಿ. ಕಂಬದ ಮೇಲೆ ಬಿಟ್ಟಿದ್ದ 15 ಮಿ.ಮೀ. ಹೆಚ್ಚುವರಿಯನ್ನು ಎಲ್ಲಕ್ಕಿಂತ ಕೊನೆಗೆ, ಕೀಲುಗಳೆಲ್ಲ ಬಿಗಿಯಾಗಿವೆ ಎಂದು ಖಚಿತವಾದ ಮೇಲೆ ತೆಗೆಯಿರಿ.